ನರದೊಳಗಿನ ವಿದ್ಯುತ್ತು, ಕೈಯಂತ್ರದ ಲೆಕ್ಕ ಮತ್ತು ಒಂದು ನೊಣ



ಬೈಯಪ್ಪನಹಳ್ಳಿ ಎಂದೊಡನೆ ಇಂದಿನ ಮಕ್ಕಳಿಗೆ ಮೆಟ್ರೊ ನೆನಪಾಗುತ್ತದೆ. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೊದಲ ಮೆಟ್ರೊ ರೈಲು ಓಡಿದ್ದು ಇಲ್ಲಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ. ನಮ್ಮ ವಯಸ್ಸಿನವರಿಗಾದರೋ ನೆನಪಿಗೆ ಬರುವುದು ಎನ್.ಜಿ.ಇ.ಎಫ್. ಕಾರ್ಖಾನೆ. ಜರ್ಮನಿಯ ಎ.ಇ.ಜಿ. ಕಂಪನಿಯ ಸಹಯೋಗದಿಂದ ಹಳೆ ಮದ್ರಾಸ್ ರಸ್ತೆಯ ಬದಿಯಲ್ಲಿ ಬೆಳೆದ ಆ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರ್, ಮೋಟಾರ್, ಸ್ವಿಚ್‌ಗೇರ್‌ಗಳು ತಯಾರಾಗುತ್ತಿದ್ದವು. 2002ರಲ್ಲಿ ಅದು ಮುಚ್ಚಿಹೋಯಿತು. ಅಂತೂ ಈ ಊರಿಗೂ ವಿದ್ಯುತ್ತಿಗೂ ಹಳೆಯ ನಂಟು. ಇಂದು ನಾನು ತಮ್ಮ ಮುಂದೆ ಇಡಬಯಸುವುದು ಕಾರ್ಖಾನೆಯ ವಿದ್ಯುತ್ತಿನ ಕಥೆಯನ್ನಲ್ಲ, ನಮ್ಮ ನಿಮ್ಮ ಮೈಯೊಳಗೆ ಹರಿಯುವ ವಿದ್ಯುತ್ತಿನ ಕಥೆಯನ್ನು. ಅದನ್ನು ಗಣಿತದ ಹಿಡಿತಕ್ಕೆ ತಂದವರ ಕಥೆಯನ್ನು.

ಅದಕ್ಕೆ ಮುಂಚೆ ಒಂದು ಸಣ್ಣ ನೆನಪು. ನಾನು ಗಣಿತದ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗ ಬೋರ್ಡಿನ ಮುಂದೆ ಲೆಕ್ಕ ಬಿಡಿಸುತ್ತಿದ್ದವನು ಹಾಗೆಯೇ ಬಿದ್ದುಬಿಟ್ಟ. ಕೈಕಾಲು ಅದುರತೊಡಗಿದವು, ಬಾಯಲ್ಲಿ ನೊರೆ. ಯಾರೋ ಬೀಗದ ಕೈಗೊಂಚಲು ತಂದು ಅವನ ಅಂಗೈಗೆ ಒತ್ತಿದರು. ಇನ್ಯಾರೋ ಹಲ್ಲಿನ ನಡುವೆ ಚಮಚ ತುರುಕಿದರು. ಎರಡು ನಿಮಿಷದಲ್ಲಿ ಎಲ್ಲವೂ ನಿಂತಿತು. ಆದರೆ ಮರುದಿನದಿಂದ ಅವನ ಪಕ್ಕ ಕೂರುವವರೇ ಇಲ್ಲವಾದರು. ‘ಗಾಳಿ ಸೋಕಿದೆ’ ಎಂದರು ಕೆಲವರು. ಒಂದು ತಿಂಗಳಲ್ಲಿ ಅವನು ಶಾಲೆ ಬಿಟ್ಟ. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗ. ಅವನ ಮನೆಗೆ ಹೋಗಿ ಒಂದು ಮಾತು ಹೇಳುವಷ್ಟು ತಿಳಿವಳಿಕೆ ಅಂದು ನನಗಿರಲಿಲ್ಲ. ಆ ಋಣವೇ ಈ ಬರಹಕ್ಕೆ ಕಾರಣ.

ಕಪ್ಪೆಯ ಕಾಲಿನಿಂದ ಕಡಲ ತಂತಿಯವರೆಗೆ

ನರಗಳಲ್ಲಿ ವಿದ್ಯುತ್ತಿದೆ ಎಂಬ ಸುಳಿವನ್ನು ಮೊದಲು ಕೊಟ್ಟದ್ದು ಇಟಲಿಯ ಲುಯಿಜಿ ಗಾಲ್ವಾನಿ. ಕಪ್ಪೆಯ ಕಾಲುಗಳ ಮೇಲಿನ ತನ್ನ ಪ್ರಯೋಗಗಳನ್ನು ಅವನು 1791ರಲ್ಲಿ ಪ್ರಕಟಿಸಿದ. ಆದರೆ ನರದ ಸಂದೇಶದ ವೇಗವನ್ನು ಅಳೆಯುವುದು ಸಾಧ್ಯವೇ ಇಲ್ಲವೆಂದು ಆ ಕಾಲದ ದೊಡ್ಡ ವಿದ್ವಾಂಸರೇ ನಂಬಿದ್ದರು. 1850ರ ಹೊತ್ತಿಗೆ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಅದನ್ನು ಅಳೆದೇ ತೋರಿಸಿದ. ಕಪ್ಪೆಯ ನರದಲ್ಲಿ ಅದು ಸೆಕೆಂಡಿಗೆ ಸುಮಾರು 27 ಮೀಟರ್. ಮಿಂಚಿನ ವೇಗವಲ್ಲ, ಬೆಳಕಿನ ವೇಗವಂತೂ ಅಲ್ಲವೇ ಅಲ್ಲ. ಹೆದ್ದಾರಿಯಲ್ಲಿ ಓಡುವ ಒಂದು ಕಾರಿನ ವೇಗ, ಅಷ್ಟೆ.

ಹಾಗಾದರೆ ನರವೆಂಬುದು ತಾಮ್ರದ ತಂತಿಯಂತಲ್ಲ ಎಂದಾಯಿತು. ಮತ್ತೆ ಹೇಗೆ? ಉತ್ತರದ ಅರ್ಧ ಭಾಗ ಬಂದದ್ದು ಬೇರೊಂದು ದಿಕ್ಕಿನಿಂದ. ಯುರೋಪಿನಿಂದ ಅಮೆರಿಕಕ್ಕೆ ಸಮುದ್ರದ ತಳದಲ್ಲಿ ಟೆಲಿಗ್ರಾಫ್ ತಂತಿ ಹಾಕುವ ಸಾಹಸ ನಡೆದಿದ್ದ ಕಾಲವದು. ಅಷ್ಟು ಉದ್ದದ ತಂತಿಯಲ್ಲಿ ಸಂಕೇತ ಹೇಗೆ ಸೋರಿ ಮಸುಕಾಗುತ್ತದೆ ಎಂಬುದಕ್ಕೆ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, 1855ರಲ್ಲಿ ಒಂದು ಸಮೀಕರಣ ಬರೆದರು. ಅದೇ ಸಮೀಕರಣವನ್ನು ಮುಂದಿನವರು ನರಕ್ಕೂ ಹೊಂದಿಸಿದರು. ನರವೂ ಒಂದು ತೆಳು ಕೊಳವೆ. ಒಳಗೆ ಉಪ್ಪು ನೀರು, ಹೊರಗೆ ಉಪ್ಪು ನೀರು, ನಡುವೆ ಸೋರುವ ಪೊರೆ.

ಆದರೆ ಇಲ್ಲೊಂದು ತೊಡಕಿತ್ತು. ಆ ಸಮೀಕರಣದಂತೆ ಲೆಕ್ಕ ಹಾಕಿದರೆ ನರದಲ್ಲಿ ಹೊರಟ ಸಂಕೇತ ಕೆಲವೇ ಮಿಲಿಮೀಟರ್‌ಗಳಲ್ಲಿ ಕರಗಿಹೋಗಬೇಕು. ಕಾಲ್ಬೆರಳಿಗೆ ಮುಳ್ಳು ಚುಚ್ಚಿದರೆ ಆ ಸುದ್ದಿ ಪಾದವನ್ನೂ ದಾಟಬಾರದು! ವಾಸ್ತವದಲ್ಲಿ ಅದು ಒಂದಿಷ್ಟೂ ಕುಂದದೆ ಬೆನ್ನುಹುರಿಯನ್ನು ತಲುಪುತ್ತದೆ. ಅಂದರೆ ನರವು ಸಂಕೇತವನ್ನು ಸಾಗಿಸುವುದಷ್ಟೇ ಅಲ್ಲ, ದಾರಿಯುದ್ದಕ್ಕೂ ಹೊಸದಾಗಿ ಹುಟ್ಟಿಸುತ್ತಾ ಹೋಗುತ್ತದೆ. ಪಟಾಕಿಯ ಬತ್ತಿಯನ್ನು ನೆನೆಯಿರಿ. ಕಿಡಿ ತನ್ನ ಮುಂದಿನ ಮದ್ದಿಗೆ ತಾನೇ ಬೆಂಕಿ ಕೊಡುತ್ತದೆ; ಕೊನೆಗೆ ತಲುಪಿದಾಗಲೂ ಅದರ ಉರಿ ಮೊದಲಿನಷ್ಟೇ. ಬತ್ತಿ ಒಂದು ಸಲ ಉರಿದರೆ ಬೂದಿ. ನರವಾದರೋ ಸೆಕೆಂಡಿನ ಕೆಲವು ಸಾವಿರದ ಭಾಗಗಳಲ್ಲಿ ಮತ್ತೆ ಸಿದ್ಧ. ಇದು ಹೇಗೆ ಎಂಬುದೇ ಪ್ರಶ್ನೆ.

ಬೊಂಡಾಸಿನ ನರ

ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್ ತಮಗೆ ಗೊತ್ತಿರಬಹುದು. ಆ ಜಾತಿಯ ಪ್ರಾಣಿಯ ಮೈಯಲ್ಲಿ ಅಸಾಧಾರಣ ದಪ್ಪದ ನರತಂತುವಿದೆ. ಅದು ಅರ್ಧ ಮಿಲಿಮೀಟರಿಗೂ ದಪ್ಪವಾಗಿರಬಲ್ಲದು, ಬರಿಗಣ್ಣಿಗೇ ಕಾಣುತ್ತದೆ. ಇಂಗ್ಲೆಂಡಿನ ಜೆ.ಝಡ್. ಯಂಗ್ 1936ರಲ್ಲಿ ಇದರ ಮಹತ್ವವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. 1939ರ ಬೇಸಿಗೆಯಲ್ಲಿ ಕೇಂಬ್ರಿಜ್‌ನ ಅಲನ್ ಹಾಡ್ಜ್‌ಕಿನ್ ಮತ್ತು ಅವರ ಕಿರಿಯ ಸಂಗಾತಿ ಆಂಡ್ರೂ ಹಕ್ಸ್‌ಲಿ ಪ್ಲಿಮತ್‌ನ ಪ್ರಯೋಗಾಲಯದಲ್ಲಿ ಆ ನರದೊಳಕ್ಕೇ ಸಣ್ಣ ತಂತಿ ತೂರಿಸಿ ವೋಲ್ಟೇಜು ಅಳೆದರು. ಸುಮ್ಮನಿರುವಾಗ ನರದ ಒಳಭಾಗ ಹೊರಗಿಗಿಂತ ಋಣ. ಸಂದೇಶ ಹಾದುಹೋಗುವ ಕ್ಷಣದಲ್ಲಿ ಮಾತ್ರ ಅದು ಸೊನ್ನೆಯನ್ನೂ ದಾಟಿ ಧನವಾಗುತ್ತಿತ್ತು. ಯಾರೂ ನಿರೀಕ್ಷಿಸದ ಸಂಗತಿ. ಆದರೆ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಹಾಡ್ಜ್‌ಕಿನ್ ವಿಮಾನಗಳ ರೇಡಾರ್ ಕೆಲಸಕ್ಕೆ, ಹಕ್ಸ್‌ಲಿ ಫಿರಂಗಿಗಳ ಲೆಕ್ಕಾಚಾರಕ್ಕೆ ಹೋದರು. ನರದ ಪ್ರಶ್ನೆ ಏಳೆಂಟು ವರ್ಷ ಹಾಗೆಯೇ ಉಳಿಯಿತು.

ಯುದ್ಧ ಮುಗಿದ ಮೇಲೆ ಅವರು ಮತ್ತೆ ಪ್ಲಿಮತ್‌ಗೆ ಬಂದರು. ಅಮೆರಿಕದ ಕೆನೆತ್ ಕೋಲ್ ಆ ವೇಳೆಗೆ ನರದ ವೋಲ್ಟೇಜನ್ನು ಬೇಕಾದ ಮಟ್ಟದಲ್ಲಿ ಹಿಡಿದು ನಿಲ್ಲಿಸುವ ಉಪಾಯವನ್ನು ಕಂಡುಕೊಂಡಿದ್ದರು. ಬೆಂಕಿಯನ್ನು ಅರ್ಧದಲ್ಲಿ ನಿಲ್ಲಿಸಿ ನೋಡಿದಂತೆ. ಅದನ್ನು ಬಳಸಿ, ಬರ್ನಾರ್ಡ್ ಕಾಟ್ಸ್ ಅವರ ನೆರವೂ ಸೇರಿ, ಯಾವ ವೋಲ್ಟೇಜಿನಲ್ಲಿ ಎಷ್ಟು ಸೋಡಿಯಂ ಒಳಬರುತ್ತದೆ, ಎಷ್ಟು ಪೊಟ್ಯಾಸಿಯಂ ಹೊರಹೋಗುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ಅಳೆದರು.

ಬಾಗಿಲುಗಳ ಗಣಿತ

ಗಣಿತ ಎಂದೊಡನೆ ಪುಟ ಮಗುಚಬೇಡಿ. ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣದ ಗೇಟನ್ನು ಕಣ್ಣ ಮುಂದೆ ತಂದುಕೊಳ್ಳಿ. ಟೋಕನ್ ತೋರಿಸಿದರೆ ತೆರೆಯುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿ ಮುಚ್ಚುತ್ತದೆ. ನರದ ಪೊರೆಯಲ್ಲಿಯೂ ಇಂಥ ಅಸಂಖ್ಯಾತ ಗೇಟುಗಳಿವೆ. ಅಲ್ಲಿಯ ಟೋಕನ್ ಎಂದರೆ ವೋಲ್ಟೇಜು.

ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಊಹಿಸಿದ್ದು ಹೀಗೆ. ಸೋಡಿಯಂನ ಒಂದು ದಾರಿ ತೆರೆಯಬೇಕಾದರೆ ಮೂರು ಚುರುಕು ಬಾಗಿಲುಗಳು ಒಟ್ಟಿಗೆ ತೆರೆದಿರಬೇಕು. ನಾಲ್ಕನೆಯದೊಂದು ನಿಧಾನದ ಬಾಗಿಲು ಇನ್ನೂ ಮುಚ್ಚಿರಬಾರದು. ಚುರುಕು ಬಾಗಿಲು ತೆರೆದಿರುವ ಸಂಭವಕ್ಕೆ ಅವರು ‘ಎಂ’ ಎಂಬ ಅಕ್ಷರ ಕೊಟ್ಟರು, ನಿಧಾನದ್ದಕ್ಕೆ ‘ಎಚ್’. ಪೊಟ್ಯಾಸಿಯಂ ದಾರಿಗೆ ನಾಲ್ಕು ಬಾಗಿಲು, ಅದರ ಅಕ್ಷರ ‘ಎನ್’. ಮೂರು ಬಾಗಿಲೂ ಒಟ್ಟಿಗೆ ತೆರೆದಿರುವ ಸಂಭವ ಎಷ್ಟು? ಎಂ ಅನ್ನು ಮೂರು ಸಲ ಗುಣಿಸಬೇಕು. ಹೈಸ್ಕೂಲಿನ ಮಕ್ಕಳು ಕಲಿಯುವ ಸಂಭವನೀಯತೆಯ ಲೆಕ್ಕವೇ ಇದು.

ಈಗ ಒಂದು ಚಮತ್ಕಾರ ನೋಡಿ. ನರ ಸುಮ್ಮನಿರುವಾಗ ಎಂ ಸುಮಾರು 0.05. ಮೂರು ಸಲ ಗುಣಿಸಿದರೆ 0.000125, ಅಂದರೆ ಎಂಟು ಸಾವಿರದಲ್ಲಿ ಒಂದು. ಸಂದೇಶ ಬಂದಾಗ ಎಂ 0.9ಕ್ಕೆ ಏರಿತೆನ್ನಿ. ಮೂರು ಸಲ ಗುಣಿಸಿದರೆ 0.729. ಎಂ ಹೆಚ್ಚಿದ್ದು 18 ಪಟ್ಟು. ದಾರಿ ತೆರೆದುಕೊಂಡದ್ದು 5832 ಪಟ್ಟು! ಸ್ವಲ್ಪ ಸೋಡಿಯಂ ಒಳಬಂದರೆ ವೋಲ್ಟೇಜು ಏರುತ್ತದೆ. ವೋಲ್ಟೇಜು ಏರಿದರೆ ಇನ್ನಷ್ಟು ಬಾಗಿಲು ತೆರೆಯುತ್ತವೆ. ಪಟಾಕಿಯ ಬತ್ತಿಗೆ ಬೆಂಕಿ ಹತ್ತುವುದು ಹೀಗೆ. ಅಷ್ಟರಲ್ಲಿ ನಿಧಾನದ ಎಚ್ ಬಾಗಿಲು ಮುಚ್ಚುತ್ತದೆ, ಪೊಟ್ಯಾಸಿಯಂ ಹೊರಗೆ ನಡೆಯುತ್ತದೆ, ನರ ಮೊದಲಿನ ಸ್ಥಿತಿಗೆ ಮರಳುತ್ತದೆ. ಎಚ್ ಬಾಗಿಲು ಇರದಿದ್ದರೆ ಹತ್ತಿದ ಬೆಂಕಿ ಸರಿಯಾಗಿ ಆರುತ್ತಲೇ ಇರಲಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ವಿದ್ಯುತ್ತು ಎಷ್ಟಿರಬಹುದು? ನಮ್ಮ ಮೆಟ್ರೊ ಹಳಿಯ ಪಕ್ಕದಲ್ಲಿ ಹರಿಯುವುದು 750 ವೋಲ್ಟ್. ನರದ ಪೊರೆಯ ಎರಡು ಬದಿಗಳ ನಡುವೆ ಇರುವುದು ಸುಮಾರು 70 ಮಿಲಿವೋಲ್ಟ್, ಅಂದರೆ ಅದರ ಹತ್ತು ಸಾವಿರದ ಒಂದು ಭಾಗಕ್ಕೂ ಕಡಿಮೆ. ಆದರೆ ಆ ಪೊರೆ ಎಷ್ಟು ತೆಳುವೆಂದರೆ, ಅದೇ ಏರಿಕೆ ಒಂದು ಮೀಟರ್‌ವರೆಗೆ ಮುಂದುವರಿದರೆ ಕೋಟಿ ವೋಲ್ಟ್ ಮುಟ್ಟುತ್ತದೆ.

ಮೂರು ವಾರ ತಿರುಗಿಸಿದ ಹಿಡಿಕೆ

ಸಮೀಕರಣಗಳು ಸಿದ್ಧವಾದವು. ಆದರೆ ಬರೆದರೆ ಸಾಕೆ? ಅವುಗಳನ್ನು ಬಿಡಿಸಿದಾಗ ನಿಜವಾದ ನರದಂತೆಯೇ ಉತ್ತರ ಬರಬೇಕಲ್ಲವೆ? ಕೇಂಬ್ರಿಜ್‌ನಲ್ಲಿ ಆಗ ಎಡ್ಸಾಕ್ ಎಂಬ ಕಂಪ್ಯೂಟರ್ ಇತ್ತು, ಅದನ್ನೇ ನೆಚ್ಚಿಕೊಂಡಿದ್ದರು. ದುರಸ್ತಿ, ಬದಲಾವಣೆಗಳಿಗಾಗಿ ಅದು ಆರು ತಿಂಗಳು ಸಿಗುವುದಿಲ್ಲವೆಂದು ತಿಳಿಯಿತು. ಹಕ್ಸ್‌ಲಿ ಕಾಯಲಿಲ್ಲ. ಬ್ರುನ್ಸ್‌ವಿಗಾ ಎಂಬ, ಕೈಯಿಂದ ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ಕುಳಿತರು. ಸೆಕೆಂಡಿನ ಸಾವಿರದ ಕೆಲವು ಭಾಗಗಳಲ್ಲಿ ನರದೊಳಗೆ ನಡೆದು ಮುಗಿಯುವ ಘಟನೆಯನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಲು ಗಂಟೆಗಟ್ಟಲೆ ಹಿಡಿಯಿತು. ಸಂದೇಶವು ನರದುದ್ದಕ್ಕೂ ಸಾಗುವ ಲೆಕ್ಕಕ್ಕಂತೂ ಸುಮಾರು ಮೂರು ವಾರ.

ಕೊನೆಗೆ ಬಂದ ಉತ್ತರ, ಸೆಕೆಂಡಿಗೆ 18.8 ಮೀಟರ್. ನಿಜವಾದ ನರದಲ್ಲಿ ಅಳೆದದ್ದು 21.2 ಮೀಟರ್. ಅಂತರ ಶೇಕಡಾ 11ರಷ್ಟು. ಒಂದು ಮಾತು ಗಮನಿಸಿ. ಸಂದೇಶದ ವೇಗವನ್ನು ಅವರು ಸಮೀಕರಣದೊಳಗೆ ಮೊದಲೇ ಸೇರಿಸಿರಲಿಲ್ಲ. ಒಂದೇ ಕಡೆ ಹಿಡಿದು ನಿಲ್ಲಿಸಿದ ಪೊರೆಯ ಅಳತೆಗಳನ್ನಷ್ಟೇ ಕೊಟ್ಟಿದ್ದರು. ವೇಗ ತಾನಾಗಿ ಹೊರಬಂತು. ಗಂಟೆಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 68 ಕಿ.ಮೀ. ನಮ್ಮ ಮೆಟ್ರೊದ ಗರಿಷ್ಠ ವೇಗ 80 ಕಿ.ಮೀ. ಎಂದರೆ ತಮಗೆ ಅಂದಾಜು ಸಿಗಬಹುದು.

1952ರಲ್ಲಿ ಇವೆಲ್ಲ ಐದು ಪ್ರಬಂಧಗಳಾಗಿ ಪ್ರಕಟವಾದವು. 1963ರಲ್ಲಿ ಜಾನ್ ಎಕಲ್ಸ್ ಅವರೊಡನೆ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. ಇಷ್ಟಾದರೂ ಆ ‘ಬಾಗಿಲು’ಗಳು ನಿಜವಾಗಿ ಏನು ಎಂಬುದನ್ನು ಅವರು ಕಂಡಿರಲಿಲ್ಲ, ಕಂಡೆವೆಂದು ಹೇಳಿಕೊಳ್ಳಲೂ ಇಲ್ಲ. ಲೆಕ್ಕದಲ್ಲಿ ಮಾತ್ರ ಅವು ಇದ್ದವು.

ಬೆಂಗಳೂರಿನ ಪಾಲು

ಈಗ ನಮ್ಮ ಊರಿಗೆ ಬರೋಣ. ಆ ಬಾಗಿಲುಗಳ ಹುಡುಕಾಟದಲ್ಲಿ ಒಂದು ಹೆಜ್ಜೆ ಇಟ್ಟವರು ಮರ್ಹೂಮ್ ಪ್ರೊಫೆಸರ್ ಒಬೈದ್ ಸಿದ್ದಿಕಿ. 1932ರಲ್ಲಿ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಹುಟ್ಟಿದ ಇವರು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿ, ಗ್ಲಾಸ್ಗೊದಲ್ಲಿ ಡಾಕ್ಟರೇಟ್ ಪಡೆದರು. ಹೋಮಿ ಭಾಭಾ ಅವರ ಆಹ್ವಾನದಂತೆ 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರದ ವಿಭಾಗ ಕಟ್ಟಿದರು.

ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡುವ ಸಣ್ಣ ನೊಣವನ್ನು ತಾವು ನೋಡಿದ್ದೀರಿ. ಅವುಗಳಲ್ಲಿ ಒಂದು ವಿಚಿತ್ರ ತಳಿ 1971ರಲ್ಲಿ ಕೆನಡಾದ ಡೇವಿಡ್ ಸುಜುಕಿ ತಂಡಕ್ಕೆ ಸಿಕ್ಕಿತ್ತು. ಶಾಖವನ್ನು 29 ಡಿಗ್ರಿಗೆ ಏರಿಸಿದರೆ ಈ ನೊಣಗಳು ಥಟ್ಟನೆ ಬಿದ್ದುಬಿಡುತ್ತಿದ್ದವು. ತಂಪು ಮಾಡಿದರೆ ಎದ್ದು ನಡೆಯುತ್ತಿದ್ದವು. ಇಂಥ ನೊಣಗಳಲ್ಲಿ ಕೆಟ್ಟದ್ದು ಏನು? ಅಮೆರಿಕದ ಸೀಮೋರ್ ಬೆಂಜರ್ ಅವರೊಡನೆ ಸೇರಿ ಸಿದ್ದಿಕಿಯವರು ಹೀಗೆ ಬೀಳುವ ತಳಿಗಳ ನರ ಮತ್ತು ಸ್ನಾಯುಗಳ ವಿದ್ಯುತ್ತನ್ನು ಅಳೆದು 1976ರಲ್ಲಿ ಪ್ರಬಂಧ ಪ್ರಕಟಿಸಿದರು. ದೋಷವಿದ್ದದ್ದು ನರವ್ಯೂಹದ ವಿದ್ಯುತ್ ಸಂದೇಶದಲ್ಲಿ. ಆನುವಂಶಿಕ ಗುಣದ ಒಂದೇ ಒಂದು ಬದಲಾವಣೆ ಇಡೀ ಪ್ರಾಣಿಯನ್ನು ಕೆಡವಬಲ್ಲದು ಎಂಬುದು ಕಣ್ಣಿಗೆ ಕಟ್ಟುವಂತಾಯಿತು. ಮುಂದೆ 1989ರಲ್ಲಿ ಸುಜುಕಿಯವರ ಆ ನೊಣದ ಕೆಟ್ಟ ಜೀನ್ ಯಾವುದೆಂದು ಅಮೆರಿಕದ ಸಂಶೋಧಕರು ಗುರುತಿಸಿದರು. ಅದು ಸೋಡಿಯಂ ಬಾಗಿಲಿನ ಜೀನ್! ಹಕ್ಸ್‌ಲಿಯವರ ಕಾಗದದ ಮೇಲೆ ಎಂ ಮತ್ತು ಎಚ್ ಆಗಿದ್ದದ್ದು ಜೀವಂತ ವಸ್ತುವಾಗಿ ಕೈಗೆ ಸಿಕ್ಕಿತು. 1976ರಲ್ಲಿಯೇ ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಇಂಥ ಒಂದೇ ಒಂದು ಬಾಗಿಲು ತೆರೆದು ಮುಚ್ಚುವುದನ್ನು ಅಳೆದು ತೋರಿಸಿದ್ದೂ ಇಲ್ಲಿ ಸ್ಮರಣೀಯ. 1991ರ ನೊಬೆಲ್ ಅವರಿಗೆ ಸಂದಿತು.

1990ರ ದಶಕದಲ್ಲಿ ಸಿದ್ದಿಕಿಯವರು ಬೆಂಗಳೂರಿಗೆ ಬಂದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿ ಅದರ ಮೊದಲ ನಿರ್ದೇಶಕರಾದರು. ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲಿರುವ ಆ ಕೇಂದ್ರದಲ್ಲಿ ನೊಣದ ಮೂಗು, ನಾಲಿಗೆಗಳ ಅಧ್ಯಯನವನ್ನು ಇಳಿವಯಸ್ಸಿನವರೆಗೂ ಮುಂದುವರಿಸಿದರು. 2006ರಲ್ಲಿ ಪದ್ಮವಿಭೂಷಣ ಬಂತು. 2013ರ ಜುಲೈ 26ರಂದು, ರಸ್ತೆ ಅಪಘಾತದ ಗಾಯಗಳಿಂದ ನಮ್ಮ ಊರಿನಲ್ಲಿಯೇ ತೀರಿಕೊಂಡರು.

ಅದೇ ಕೇಂದ್ರದಲ್ಲಿ ಉಪಿಂದರ್ ಭಲ್ಲಾ ಅವರು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿಯವರ ಮಾದರಿಯ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ‘ಮೂಸ್’ ಎಂಬ ತಂತ್ರಾಂಶವನ್ನು ರೂಪಿಸಿದರು. ಅದಕ್ಕೂ ಮುಂಚೆ ಅಮೆರಿಕದಲ್ಲಿ ಓದುತ್ತಿದ್ದಾಗ ‘ಜೆನೆಸಿಸ್’ ಎಂಬ ಇಂಥದ್ದೇ ತಂತ್ರಾಂಶದ ನಿರ್ಮಾಣದಲ್ಲಿ ಭಾಗಿಯಾಗಿ, ವಾಸನೆಯನ್ನು ಗ್ರಹಿಸುವ ಮಿದುಳಿನ ಭಾಗದ ನರಕೋಶಗಳ ಮಾದರಿಯನ್ನು 1993ರಲ್ಲಿ ಪ್ರಕಟಿಸಿದ್ದರು. ಹಕ್ಸ್‌ಲಿಯವರು ಮೂರು ವಾರ ಹಿಡಿಕೆ ತಿರುಗಿಸಿದ ಲೆಕ್ಕ ಇಂದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಿಷಿಕೇಶ್ ನಾರಾಯಣನ್ ಮತ್ತು ರಾಹುಲ್ ರಾಥೋರ್ 2014ರಲ್ಲಿ ಇಂಥ ಮಾದರಿಗಳಿಂದಲೇ ಇನ್ನೊಂದು ಸ್ವಾರಸ್ಯವನ್ನು ತೋರಿಸಿದರು: ಬೇರೆ ಬೇರೆ ಬಾಗಿಲುಗಳು ಬೇರೆ ಬೇರೆ ಪ್ರಮಾಣದಲ್ಲಿದ್ದರೂ ನರಕೋಶಗಳ ವರ್ತನೆ ಒಂದೇ ತೆರನಾಗಿರಬಹುದು. ಒಂದೇ ರುಚಿಯ ಸಾರನ್ನು ಹತ್ತು ಮನೆಗಳಲ್ಲಿ ಹತ್ತು ಹದದಲ್ಲಿ ಮಾಡುವುದಿಲ್ಲವೆ, ಹಾಗೆ.

ಆ ಹುಡುಗನಿಗೆ ಹೇಳಬೇಕಾಗಿದ್ದ ಮಾತು

ಓದುಗರೆ, ಎಚ್ ಬಾಗಿಲನ್ನು ನೆನಪಿಡಿ ಎಂದಿದ್ದೆ. ಮೂರ್ಛೆರೋಗವೆಂದರೆ ಮಿದುಳಿನ ನರಕೋಶಗಳ ದೊಡ್ಡ ಗುಂಪೊಂದು ಹಿಡಿತ ತಪ್ಪಿ ಒಟ್ಟಿಗೆ ಸಂದೇಶ ಸಿಡಿಸುವುದು. ಫೆನಿಟಾಯಿನ್ ಎಂಬ ಔಷಧ 1938ರಿಂದಲೂ ಈ ರೋಗಕ್ಕೆ ಬಳಕೆಯಲ್ಲಿದೆ. ಅದು ಹೇಗೆ ಕೆಲಸ ಮಾಡುತ್ತದೆಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಬಾಗಿಲುಗಳ ವಿಚಾರ ಗೊತ್ತಾದ ಬಳಿಕ. ಮುಚ್ಚಿದ ಎಚ್ ಬಾಗಿಲನ್ನು ಅದು ಇನ್ನೂ ಸ್ವಲ್ಪ ಹೊತ್ತು ಮುಚ್ಚಿಯೇ ಇರಿಸುತ್ತದೆ. ಸಾಧಾರಣ ಸಂದೇಶಕ್ಕೆ ಅಡ್ಡಿಯಿಲ್ಲ. ಮೇಲಿಂದ ಮೇಲೆ ಸಿಡಿಯುವ ಸಂದೇಶಕ್ಕೆ ಮಾತ್ರ ತಡೆ. ಹಲ್ಲು ಕೀಳುವಾಗ ವೈದ್ಯರು ಕೊಡುವ ಲಿಗ್ನೊಕೇನ್ ಚುಚ್ಚುಮದ್ದೂ ತಡೆಯುವುದು ಇದೇ ಸೋಡಿಯಂ ದಾರಿಯನ್ನು. ಜ್ವರ ಬಂದಾಗ ತೀವ್ರವಾಗಿ ಫಿಟ್ಸ್ ಬರುವ ಡ್ರಾವೆ ಎಂಬ ಅಪರೂಪದ ಮಕ್ಕಳ ಕಾಯಿಲೆಗೆ ಸೋಡಿಯಂ ಬಾಗಿಲಿನ ಜೀನ್‌ನ ದೋಷವೇ ಕಾರಣವೆಂದು 2001ರಲ್ಲಿ ತಿಳಿಯಿತು. ಶಾಖಕ್ಕೆ ಬೀಳುತ್ತಿದ್ದ ಆ ನೊಣ ತಮಗೆ ನೆನಪಾಯಿತೆ?

ಹಾಗಾದರೆ ನನ್ನ ತರಗತಿಯಲ್ಲಿ ಬಿದ್ದ ಹುಡುಗನಿಗೆ ಸೋಕಿದ್ದು ಗಾಳಿಯಲ್ಲ, ಅದು ಯಾರ ಪಾಪವೂ ಅಲ್ಲ. ತೆರೆದು ಮುಚ್ಚಬೇಕಾದ ಲಯದಲ್ಲಿ ಬಂದ ಒಂದು ಏರುಪೇರು ಅಷ್ಟೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಇಂಥವರಲ್ಲಿ ಶೇಕಡಾ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದೇ ಊರಿನಲ್ಲಿ ನಿಮ್ಹಾನ್ಸ್ ಇದೆ. ದುವಾ ಬೇಡವೆಂದು ಯಾರೂ ಹೇಳುವುದಿಲ್ಲ. ದುವಾದ ಜೊತೆಗೆ ಮಾತ್ರೆಯೂ ಇರಲಿ, ವೈದ್ಯರು ಹೇಳದೆ ಅದನ್ನು ನಿಲ್ಲಿಸದಿರಲಿ. ಯಾರಾದರೂ ಹೀಗೆ ಬಿದ್ದರೆ ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಮೆಲ್ಲನೆ ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬೀಗದ ಕೈ ಬೀಗಕ್ಕೇ ಇರಲಿ.

‘ಈ ಲೆಕ್ಕವೆಲ್ಲ ಯಾಕೆ ಕಲಿಯಬೇಕು ಸಾರ್?’ ಎಂದು ಮಕ್ಕಳು ಇಂದಿಗೂ ಕೇಳುತ್ತಾರೆ. ಸಂಭವನೀಯತೆಯ ಪಾಠ ಬಂದಾಗ ನಾನೀಗ ಹಕ್ಸ್‌ಲಿಯವರ ಹಿಡಿಕೆಯ ಕಥೆ ಹೇಳುತ್ತೇನೆ, ಸಿದ್ದಿಕಿಯವರ ನೊಣದ ಕಥೆ ಹೇಳುತ್ತೇನೆ. ತರಗತಿಯಲ್ಲಿ ಯಾವ ಮಗುವಾದರೂ ಬಿದ್ದರೆ ಪಕ್ಕದ ಮಗು ದೂರ ಸರಿಯಬಾರದು ಎಂಬುದನ್ನೂ ಹೇಳುತ್ತೇನೆ. ಶಾಲೆ ಬಿಟ್ಟುಹೋದ ಆ ಹುಡುಗನಿಗೆ ಈಗ ನಡುವಯಸ್ಸು. ಅವನಿರುವ ಮನೆಗೂ ಈ ಸಂಚಿಕೆ ತಲುಪಬಹುದು. ತಲುಪಿದರೆ, ಅವನ ಮೇಷ್ಟ್ರು ತಡವಾಗಿಯಾದರೂ ಪಾಠ ಕಲಿತಿದ್ದಾರೆಂದು ಅವನಿಗೆ ತಿಳಿಯಲಿ.